ಡಬ್ಬಿ, ಸಭೆ, ಮೈಕ್: ಮೂರಕ್ಕೂ ಒಂದೇ ಫಾರಂ

ತುಮಕೂರಿನ ಒಂದು ದೊಡ್ಡ ಕಾಲೇಜು ಕ್ಯಾಂಪಸ್‌ನಲ್ಲಿ, ಒಂದೇ ಮಧ್ಯಾಹ್ನ, ಲೈಬ್ರರಿ ಎದುರಿನ ಹೊಂಗೆ ಮರದ ಕೆಳಗೆ ಕೆಲವು ವಿದ್ಯಾರ್ಥಿಗಳು ಮೂರು ಕೆಲಸ ಮಾಡಲು ಹೊರಟರು. ಹಾಸ್ಟೆಲ್ ವಾಚ್‌ಮನ್‌ಗೆ ಅಪಘಾತವಾಗಿತ್ತು, ಅವರಿಗೆ ಹಣ ಎತ್ತಬೇಕು. ಸ್ಕಾಲರ್‌ಶಿಪ್ ಬಂದಿರಲಿಲ್ಲ, ಆ ಬಗ್ಗೆ ಸಭೆ ಸೇರಬೇಕು. ಸಭೆಗೆ ಹೊರಗಿನಿಂದ ಒಬ್ಬರನ್ನು ಕರೆಸಬೇಕು, ಅವರಿಗೊಂದು ಮೈಕ್ ಬೇಕು. ಮೂರೂ ನಡೆಯಲಿಲ್ಲ. ಬದಲಿಗೆ ಒಬ್ಬ ವಿದ್ಯಾರ್ಥಿನಿಯ ಅಪ್ಪನಿಗೆ ಫೋನ್ ಹೋಯಿತು, ಮುಚ್ಚಳಿಕೆ ಟೈಪಾಯಿತು, ಆರ್‌ಟಿಐ ಅರ್ಜಿ ಬಿತ್ತು, ಕೊನೆಗೆ ಒಂದು ಸಮಿತಿಯಾಯಿತು. ಆ ಸಮಿತಿಯಲ್ಲಿ ಹೊರಗಿನ ಸದಸ್ಯನಾಗಿ ನಾನೂ ಕೂತಿದ್ದೆ.

ಸಂಸ್ಥೆಯ ಹೆಸರು ಬೇಡ. ಗುರುತು ಹತ್ತದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಪಿಜಿ ಕೋರ್ಸೂ ಇರುವ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಕ್ಯಾಂಪಸ್ ಅಂತ ತಿಳಿದರೆ ಸಾಕು. ಆ ಸರ್ಕಾರಿ ದುಡ್ಡಿನ ವಿಷಯ ಮುಂದೆ ಲೆಕ್ಕಕ್ಕೆ ಬರುತ್ತದೆ.

ಕಚೇರಿ ತುಂಬ ಬಿಗಿಯಾಗಿತ್ತು, ಅದಕ್ಕೇ ಇಷ್ಟೆಲ್ಲ ಆಯಿತು ಅಂತ ಹುಡುಗರು ಈಗಲೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಣ ಕೇಳುವುದು, ಜನ ಸೇರುವುದು, ಮೈಕ್ ಹಿಡಿಯುವುದು ಬೇರೆ ಬೇರೆ ಕೆಲಸ. ಒಂದೊಂದರಿಂದ ಆಗಬಹುದಾದ ತೊಂದರೆಯೂ ಬೇರೆ. ಅದನ್ನು ಯಾರೂ ಬಿಡಿಸಿ ನೋಡಲಿಲ್ಲ. ಒಂದೇ ಕೀಲಿಕೈಯಲ್ಲಿ ಮೂರು ಬೀಗ ತೆಗೆಯಲು ಹೋದ ಹಾಗಾಯಿತು.

ಅರ್ಜಿ

ಅರ್ಜಿ ಕೊಟ್ಟವಳು ಎಂ.ಎ. ಅರ್ಥಶಾಸ್ತ್ರ ಎರಡನೇ ವರ್ಷದ ಹುಡುಗಿ. ಪಾವಗಡ ತಾಲ್ಲೂಕಿನವಳು, ಹಾಸ್ಟೆಲ್‌ನಲ್ಲಿ ಇದ್ದಳು. ಅವಳ ಜೊತೆ ಶಿರಾ, ಮಧುಗಿರಿ, ಕೊರಟಗೆರೆ ಕಡೆಯ ಏಳೆಂಟು ಮಂದಿ.

ಆಡಳಿತ ಕಚೇರಿಯಲ್ಲಿ ಇದ್ದದ್ದು ಒಂದೇ ಫಾರಂ. 'ಆವರಣ ಬಳಕೆಗೆ ಅನುಮತಿ ಕೋರಿ ಅರ್ಜಿ' ಅಂತ ಮೇಲೆ ಅಚ್ಚಾಗಿದೆ. ಕೆಳಗೆ ಕಾಲಂಗಳು: ಸಂಸ್ಥೆಯ ಹೆಸರು, ಜಿಎಸ್‌ಟಿ ಸಂಖ್ಯೆ, ಮಳಿಗೆಯ ಉದ್ದ ಅಗಲ, ಕರೆಂಟ್ ಬೇಕೇ, ಮುಖ್ಯ ಅತಿಥಿಗಳು, ಕಟ್ಟಿದ ಶುಲ್ಕದ ವಿವರ. ಯಾವುದೋ ಕಾಲದಲ್ಲಿ ಪುಸ್ತಕ ಮೇಳಕ್ಕೋ ಖಾದಿ ಮಾರಾಟಕ್ಕೋ ಮಾಡಿಸಿದ ಫಾರಂ ಇರಬೇಕು. ಆಮೇಲೆ ಎಲ್ಲದಕ್ಕೂ ಅದೇ ಆಯಿತು. ಹುಡುಗಿ ಒಂದೊಂದು ಕಾಲಂ ಎದುರಿಗೂ 'ಅನ್ವಯಿಸುವುದಿಲ್ಲ' ಅಂತ ಬರೆದಿದ್ದಾಳೆ. 'ಉದ್ದೇಶ' ಅನ್ನುವಲ್ಲಿ ಒಂದೇ ಗೆರೆ ಜಾಗ. ಅದರಲ್ಲೇ ಮೂರನ್ನೂ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ತುರುಕಿದ್ದಾಳೆ. ಸಮಿತಿಯಲ್ಲಿ ಆ ಹಾಳೆಯನ್ನು ನಾವು ಕನ್ನಡಕ ಸರಿಮಾಡಿಕೊಂಡು ಓದಬೇಕಾಯಿತು.

'ಅರ್ಜಿದಾರರು' ಅನ್ನುವಲ್ಲಿ ಅವಳ ಹೆಸರು ಮಾತ್ರ ಇದೆ. ಇದು ಚಿಕ್ಕ ವಿಷಯ ಅಲ್ಲ. ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆ 1980ರ ದಶಕದ ಕೊನೆಯಲ್ಲೇ ನಿಂತುಹೋಯಿತು. ಚುನಾವಣೆ ಹೇಗೆ ನಡೆಯಬೇಕು ಅಂತ ಲಿಂಗ್ಡೊ ಸಮಿತಿ ಶಿಫಾರಸು ಮಾಡಿ, ಸುಪ್ರೀಂ ಕೋರ್ಟ್ 2006ರಲ್ಲಿ ಅದನ್ನು ಜಾರಿಗೆ ತರಲು ಹೇಳಿತು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವ ಹಾಗಿಲ್ಲ, ಅಚ್ಚು ಹಾಕಿಸಿದ ಪೋಸ್ಟರ್ ಹಚ್ಚುವ ಹಾಗಿಲ್ಲ, ಕೈಬರಹದ್ದು ಮಾತ್ರ, ಅದೂ ಗೊತ್ತು ಮಾಡಿದ ಜಾಗದಲ್ಲಿ. ನಿಯಮವೇನೋ ಇದೆ, ನಮ್ಮಲ್ಲಿ ಚುನಾವಣೆ ಇಲ್ಲ. ಹಾಗಾಗಿ ವಿದ್ಯಾರ್ಥಿಗಳ ಪರವಾಗಿ ಅರ್ಜಿ ಹಾಕಲು, ಬೈಸಿಕೊಳ್ಳಲು, ಲೆಕ್ಕ ಕೊಡಲು ಒಂದು ಸಂಘ ಅಂತ ಇಲ್ಲ. ಯಾರು ಸಹಿ ಹಾಕಿದರೋ ಅವರ ತಲೆಗೇ ಬರುತ್ತದೆ. ಇಲ್ಲೂ ಹಾಗೇ ಆಯಿತು.

ಸೋಮವಾರ ಟಪಾಲಿನಲ್ಲಿ ಇನ್‌ವರ್ಡ್ ಸೀಲ್ ಬಿತ್ತು. ಗುರುವಾರ ಸಂಜೆವರೆಗೂ ಉತ್ತರ ಇಲ್ಲ. ಕೇಳಿದಾಗಲೆಲ್ಲ 'ಫೈಲ್ ಸಾಹೇಬ್ರ ಟೇಬಲ್ ಮೇಲಿದೆ' ಅನ್ನುವುದೊಂದೇ ಮಾತು. ಬೇಡ ಅಂತಲೂ ಇಲ್ಲ, ಆಗಲಿ ಅಂತಲೂ ಇಲ್ಲ. ಬೇಡ ಅಂದಿಲ್ಲವಲ್ಲ ಅಂತ ಹುಡುಗರು ಅರ್ಥ ಮಾಡಿಕೊಂಡರು. ಆಗಲಿ ಅಂದಿಲ್ಲವಲ್ಲ ಅಂತ ಕಚೇರಿ ಅರ್ಥ ಮಾಡಿಕೊಂಡಿತು.

ಶುಕ್ರವಾರ ಮಧ್ಯಾಹ್ನ

ಊಟದ ಹೊತ್ತಿಗೆ ಮರದ ಕೆಳಗೆ ಒಂದು ಹಳೇ ಬೆಂಚ್ ಬಂತು. ಅದರ ಮೇಲೆ ಡಬ್ಬಿ. ಡಬ್ಬಿ ಅಂದರೆ ಐದು ಲೀಟರ್ ಎಣ್ಣೆ ಕ್ಯಾನ್. ಮೇಲ್ಭಾಗ ಬ್ಲೇಡಿನಲ್ಲಿ ಕೊಯ್ದು, ಸುತ್ತ ಬಿಳಿ ಹಾಳೆ ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ 'ನಮ್ಮ ವಾಚ್‌ಮನ್ ಅಣ್ಣನ ಚಿಕಿತ್ಸೆಗೆ' ಅಂತ ಬರೆದಿದ್ದರು. ಪಕ್ಕದಲ್ಲಿ ಒಂದು ಕ್ಯೂಆರ್ ಕೋಡ್ ಪ್ರಿಂಟ್. ಶಾಲೆ ಮಕ್ಕಳ ಡ್ಯಾನ್ಸಿಗೆ ತರುವಂಥ ಚಕ್ರದ ಸ್ಪೀಕರ್ ಬಾಕ್ಸ್ ಒಂದು. ಮೂವತ್ತು ನಲವತ್ತು ಜನ ಸೇರಿದ್ದರು, ಇನ್ನೂ ಯಾರೂ ಮಾತು ಶುರು ಮಾಡಿರಲಿಲ್ಲ.

ಅಲ್ಲಿಂದ ನಾಲ್ಕು ಹೆಜ್ಜೆ ಆಚೆ, ಕ್ಯಾಂಟೀನ್ ದಾರಿಯಲ್ಲಿ, ಒಂದು ಆನ್‌ಲೈನ್ ಕೋರ್ಸ್ ಕಂಪನಿಯ ಕೆನೊಪಿ, ಅಂದರೆ ಪ್ರಚಾರದ ಚಪ್ಪರ, ಬೆಳಗ್ಗೆಯಿಂದ ನಿಂತಿತ್ತು. ಟೈ ಕಟ್ಟಿದ ಇಬ್ಬರು ಹುಡುಗರು 'ಉಚಿತ ಕೆರಿಯರ್ ಟೆಸ್ಟ್' ಅಂತ ಹೋಗಿಬರುವವರ ಹೆಸರು, ಫೋನ್ ನಂಬರ್, ಅಪ್ಪನ ಕೆಲಸ, ಮನೆಯ ಆದಾಯ ಬರೆಸಿಕೊಳ್ಳುತ್ತಿದ್ದರು. ಅವರಿಗೂ ಒಂದು ಸ್ಪೀಕರ್ ಇತ್ತು. ಹಾಡು ಬರುತ್ತಿತ್ತು.

ಸೆಕ್ಯುರಿಟಿಯವರು ಬಂದರು. ಮುಂದಿನ ಮಾತುಕತೆಯನ್ನು ಹುಡುಗಿಯೂ ಸೆಕ್ಯುರಿಟಿಯವರೂ ಸಮಿತಿ ಮುಂದೆ ಹೆಚ್ಚುಕಡಿಮೆ ಒಂದೇ ರೀತಿ ಹೇಳಿದರು.

"ಯಾರಮ್ಮ ಇದನ್ನ ಇಲ್ಲಿ ಇಡೋಕೆ ಹೇಳಿದ್ದು?"

"ಅರ್ಜಿ ಕೊಟ್ಟಿದ್ದೀವಿ ಅಣ್ಣ. ಸೋಮವಾರಾನೇ ಕೊಟ್ಟಿದ್ದೀವಿ."

"ಅರ್ಜಿ ಕೊಟ್ರೆ ಆಯ್ತಾ? ಪರ್ಮಿಷನ್ ಲೆಟರ್ ಎಲ್ಲಿ?"

"ಹಂಗಾದ್ರೆ ಅವ್ರಿಗೆ?"

"ಅವ್ರು ದುಡ್ಡು ಕಟ್ಟಿದಾರಮ್ಮ."

ಇಡೀ ಪ್ರಕರಣ ಆ ಕೊನೆಯ ಮಾತಿನಲ್ಲಿದೆ. ಸೆಕ್ಯುರಿಟಿಯವರು ಕೆಟ್ಟವರಲ್ಲ. ಗಾಯಗೊಂಡ ವಾಚ್‌ಮನ್ ಅವರಿಗೂ ಬೇಕಾದವರೇ. ಡಬ್ಬಿ ಎತ್ತುವ ಮೊದಲು ತಾವೇ ಅದಕ್ಕೆ ನೂರು ರೂಪಾಯಿ ಹಾಕಿದರಂತೆ. ಆಮೇಲೆ ಡಬ್ಬಿ, ಸ್ಪೀಕರ್ ಎರಡನ್ನೂ ಕಚೇರಿಗೆ ಒಯ್ದರು. ಹುಡುಗರು ಹಿಂದೆ ಹಿಂದೆಯೇ ಹೋದರು, ಕಾರಿಡಾರಿನಲ್ಲಿ ಕೂಗಾಟವಾಯಿತು. ಕರೆಸಿದ್ದ ಅತಿಥಿ ಗೇಟಿನಿಂದಲೇ ವಾಪಸ್ ಹೋದರು.

ಆ ಅತಿಥಿ ಯಾರು ಅನ್ನುವುದನ್ನೂ ಹೇಳಬೇಕು. ನಿವೃತ್ತ ಬ್ಯಾಂಕ್ ಅಧಿಕಾರಿ. ಸರ್ವಿಸ್‌ನಲ್ಲಿದ್ದಾಗ ನೌಕರರ ಯೂನಿಯನ್‌ನಲ್ಲಿ ಇದ್ದವರು. ಕಚೇರಿಯ ಕಿವಿಗೆ ಬಿದ್ದದ್ದು 'ಯೂನಿಯನ್' ಒಂದೇ. ಅವರು ಹೇಳಲು ಬಂದದ್ದು ಬೇರೆ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಮಂಜೂರಾದರೂ ಎಷ್ಟೋ ಮಂದಿಗೆ ದುಡ್ಡು ಬಂದಿರುವುದಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐನಲ್ಲಿ ಆಧಾರ್‌ಗೆ ಯಾವ ಬ್ಯಾಂಕ್ ಖಾತೆ ಜೋಡಣೆಯಾಗಿದೆಯೋ ಅಲ್ಲಿಗೇ ಹಣ ಬೀಳುವುದು. ಅರ್ಜಿಯಲ್ಲಿ ಒಂದು ಖಾತೆ ಕೊಟ್ಟು, ಹಿಂದೆ ಯಾವತ್ತೋ ಅಮ್ಮ ಮಾಡಿಸಿದ ಇನ್ನೊಂದು ಖಾತೆಗೆ ಆಧಾರ್ ಜೋಡಣೆಯಾಗಿದ್ದರೆ ಹುಡುಗ ತನ್ನ ಪಾಸ್‌ಬುಕ್ ಎಂಟ್ರಿ ಹಾಕಿಸಿ ಹಾಕಿಸಿ ಸುಸ್ತಾಗುತ್ತಾನೆ. ಇದನ್ನು ಬ್ಯಾಂಕಿನಲ್ಲಿ ಹೇಗೆ ಸರಿಮಾಡಿಸಬೇಕು ಅಂತ ತಿಳಿಸಲು ಬಂದಿದ್ದರು. ಕಚೇರಿಯೇ ದುಡ್ಡು ಕೊಟ್ಟು ಕರೆಸಬೇಕಾದ ಉಪನ್ಯಾಸ ಅದು.

'144 ಇದೆ', 'ಹತ್ತು ಜನಕ್ಕಿಂತ ಜಾಸ್ತಿ ಇದೀರ'

ಕಚೇರಿಯ ಅಧೀಕ್ಷಕರು ಆ ದಿನ ಬಾಯಿಮಾತಿನಲ್ಲಿ ಕೊಟ್ಟ ಕಾರಣ ಎರಡು.

ಮೊದಲನೆಯದು 144. 2024ರ ಜುಲೈ 1ರಿಂದ ಹಳೇ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿದೆ, ನಿಷೇಧಾಜ್ಞೆ ಹಾಕುವ ಆ ಅಧಿಕಾರ ಈಗ 163ನೇ ಸೆಕ್ಷನ್‌ನಲ್ಲಿದೆ. ಆದರೂ ಬಾಯಲ್ಲಿ ಬರುವುದು 144 ಅಂತಲೇ. ಅದಿರಲಿ. ಆ ಆವರಣದ ಒಂದು ಕಟ್ಟಡ ಪಿಯುಸಿ ಪರೀಕ್ಷಾ ಕೇಂದ್ರವಾಗಿತ್ತು. ಪರೀಕ್ಷೆ ಬಂದರೆ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ ಹಾಕುವುದು ಜಿಲ್ಲೆ ಜಿಲ್ಲೆಯಲ್ಲೂ ನಡೆಯುವ ವಾಡಿಕೆ. ಸಮಿತಿಯಲ್ಲಿ ಆದೇಶದ ಪ್ರತಿ ತರಿಸಿ ನೋಡಿದೆವು. ಪರೀಕ್ಷೆ ಇರುವ ದಿನ, ಪರೀಕ್ಷೆಯ ಹೊತ್ತಿಗೆ ಮಾತ್ರ ಅಂತ ಅದರಲ್ಲೇ ಇತ್ತು. ಆ ಶುಕ್ರವಾರ ಪರೀಕ್ಷೆಯೇ ಇರಲಿಲ್ಲ. ಇಂಥ ಆದೇಶದ ಅಧಿಕಾರವಿರುವುದು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಸೀಲ್ದಾರರಂಥ ಮ್ಯಾಜಿಸ್ಟ್ರೇಟರಿಗೆ. ಅದರಲ್ಲಿ ಬರೆದದ್ದನ್ನು ಕಾಲೇಜು ಕಚೇರಿ ಎಳೆದು ಉದ್ದ ಮಾಡಲು ಬರುವುದಿಲ್ಲ. ಬೇರೆಯವರ ನ್ಯಾಯವಾದ ಮಾತನ್ನು ಅಡಗಿಸಲು ಈ ಸೆಕ್ಷನ್ ಬಳಸಬಾರದು ಅಂತ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿದೆ.

ಎರಡನೆಯದು ಹತ್ತು ಜನದ ಲೆಕ್ಕ. ಇದಕ್ಕೊಂದು ಹಿನ್ನೆಲೆ ಇದೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತ್ತು. ಸರ್ಕಾರಿ ಜಾಗದಲ್ಲಿ, ಆಟದ ಮೈದಾನದಲ್ಲಿ, ರಸ್ತೆಯಲ್ಲಿ ಖಾಸಗಿ ಸಂಘ ಸಂಸ್ಥೆಗಳು ಕಾರ್ಯಕ್ರಮ ಮಾಡಬೇಕಾದರೆ ಮೊದಲೇ ಅನುಮತಿ ಪಡೆಯಬೇಕು, ಅನುಮತಿಯಿಲ್ಲದೆ ಹತ್ತಕ್ಕಿಂತ ಜಾಸ್ತಿ ಜನ ಸೇರಿದರೆ ಅಕ್ರಮ ಕೂಟ ಅನ್ನುವುದು ಅದರ ಸಾರ. ರಾಜಕೀಯವಾಗಿ ದೊಡ್ಡ ಗಲಾಟೆಯೇ ಆಯಿತು. ಅದೇ ತಿಂಗಳ ಕೊನೆಯಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಸರ್ಕಾರದ ಮೇಲ್ಮನವಿಯೂ ನವೆಂಬರ್‌ನಲ್ಲಿ ವಿಭಾಗೀಯ ಪೀಠದಲ್ಲಿ ನಿಲ್ಲಲಿಲ್ಲ. ಆದೇಶದ ಸುದ್ದಿ ಎಲ್ಲ ಕಚೇರಿಗೂ ತಲುಪಿತು, ತಡೆಯ ಸುದ್ದಿ ತಲುಪಲಿಲ್ಲ. ಹೀಗೆ ಆಗುವುದೇ ಜಾಸ್ತಿ, ಅಲ್ವಾ? ಅದೂ ಅಲ್ಲದೆ, ತಮ್ಮದೇ ಕಾಲೇಜಿನ ಮರದ ಕೆಳಗೆ ಕೂತ ವಿದ್ಯಾರ್ಥಿಗಳನ್ನು ಹೊರಗಿನ ಖಾಸಗಿ ಸಂಸ್ಥೆ ಅನ್ನುವುದು ಹೇಗೆ?

ಮೂರನೆಯದಾಗಿ ಒಂದು ಸಲಹೆಯೂ ಬಂತು: "ಗೇಟಿನ ಆಚೆ ಏನಾದ್ರೂ ಮಾಡ್ಕೊಳ್ರಪ್ಪ." ಒಳ್ಳೇ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಗೇಟಿನ ಆಚೆ ಇರುವುದು ಬಸ್ಸು, ಲಾರಿ ಓಡುವ ರಸ್ತೆ. ಅಲ್ಲಿ ಜನ ಸೇರಿದರೆ ಪೊಲೀಸ್ ಕಾಯ್ದೆ, ಠಾಣೆ, ಟ್ರಾಫಿಕ್ ಎಲ್ಲವೂ ಬರುತ್ತದೆ. ನೆರಳಿನಲ್ಲಿ ಮುಗಿಯಬೇಕಾದ ಅರ್ಧ ಗಂಟೆಯ ಮಾತನ್ನು ಬೀದಿಗೆ ಕಳಿಸುವ ಸಲಹೆ ಅದು.

ಜಾಗ ಯಾರದು

ಸಂವಿಧಾನದ 19ನೇ ವಿಧಿ ಮಾತಾಡುವ ಹಕ್ಕನ್ನೂ, ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕನ್ನೂ ಕೊಟ್ಟಿದೆ. ಹುಡುಗರ ಮನವಿಯಲ್ಲಿ ಇದು ದಪ್ಪಕ್ಷರದಲ್ಲಿತ್ತು. ಆದರೆ ಎಲ್ಲಿ ಸೇರುವ ಹಕ್ಕು? ಇಲ್ಲಿ ಎರಡು ತೀರ್ಪು ಪಕ್ಕಪಕ್ಕ ಇಟ್ಟು ನೋಡಬೇಕು.

1969ರಲ್ಲಿ ರೈಲ್ವೆ ನೌಕರನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ರೈಲ್ವೆ ಆವರಣದೊಳಗೆ ಸಭೆ ಮಾಡಬಾರದು ಅಂತ ಇಲಾಖೆ ಹೇಳಿದ್ದರೂ ಆತ ಮಾಡಿದ್ದ. ಸೇರುವ ಹಕ್ಕು ಇದೆ ಅಂದ ಮಾತ್ರಕ್ಕೆ ಬೇರೆಯವರ ಸ್ವತ್ತಿನಲ್ಲಿ ಸೇರುವ ಹಕ್ಕು ಬರುವುದಿಲ್ಲ, ಸರ್ಕಾರಿ ಸ್ವತ್ತಿಗೂ ಈ ಮಾತು ಅನ್ವಯಿಸುತ್ತದೆ ಅಂತ ಕೋರ್ಟ್ ಹೇಳಿತು. ಇದು ಕಚೇರಿಯ ಪರ.

1972ರಲ್ಲಿ ಅಹಮದಾಬಾದಿನ ಹಿಮ್ಮತ್‌ಲಾಲ್ ಶಾ ಪ್ರಕರಣ. ಸಾರ್ವಜನಿಕ ಬೀದಿಯಲ್ಲಿ ಸಭೆಗೆ ಅನುಮತಿ ಕೊಡುವುದೂ ಬಿಡುವುದೂ ಪೊಲೀಸರ ಮರ್ಜಿ ಅನ್ನುವಂಥ ನಿಯಮ ಅಲ್ಲಿತ್ತು. ಯಾವ ಆಧಾರದ ಮೇಲೆ ನಿರಾಕರಿಸಬೇಕು ಅಂತ ಅದರಲ್ಲಿ ಒಂದು ಮಾತೂ ಇರಲಿಲ್ಲ. ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದು ಮಾಡಿತು. ಸಭೆಗಳನ್ನು ನಿಯಂತ್ರಿಸಬಹುದು, ಅಧಿಕಾರಿಯ ಇಷ್ಟಾನಿಷ್ಟಕ್ಕೆ ಬಿಟ್ಟು ಕೂರಬಾರದು. ಇದು ಹುಡುಗರ ಪರ.

ಕ್ಯಾಂಪಸ್ ಇವೆರಡರ ನಡುವೆ ಬರುತ್ತದೆ. ಅದು ಬೀದಿಯೂ ಅಲ್ಲ, ರೈಲ್ವೆ ವರ್ಕ್‌ಶಾಪೂ ಅಲ್ಲ. ಪಾಠ ನಡೆಯಬೇಕಾದ ಜಾಗವಾದ್ದರಿಂದ ಸಂಸ್ಥೆಗೆ ಹಿಡಿತ ಬೇಕು, ಒಪ್ಪುತ್ತೇನೆ. ಆದರೆ ಸರ್ಕಾರದ ದುಡ್ಡಿನಲ್ಲಿ, ಸರ್ಕಾರದ ಹಿಡಿತದಲ್ಲಿ ನಡೆಯುವ ಸಂಸ್ಥೆ ಒಬ್ಬರಿಗೊಂದು ಇನ್ನೊಬ್ಬರಿಗೊಂದು ನ್ಯಾಯ ಮಾಡುವಂತಿಲ್ಲ. ಒಂದು ಕಂಪನಿಯ ಸ್ಪೀಕರಿಗೆ ತೆರೆದುಕೊಂಡ ಜಾಗ ಸ್ಕಾಲರ್‌ಶಿಪ್ ಮಾತಿಗೆ ಮುಚ್ಚಿಕೊಂಡರೆ ಅದಕ್ಕೆ ಕಾರಣ ಬೇಕು. ದುಡ್ಡು ಕಟ್ಟಿದಾರೆ ಅನ್ನುವುದು ಬಾಡಿಗೆಗೆ ಕಾರಣವಾದೀತು, ಮಾತು ತಡೆಯಲು ಆಗುವುದಿಲ್ಲ.

ಆ ಹುಡುಗಿ ಆಮೇಲೆ ಒಂದು ಕೆಲಸ ಮಾಡಿದಳು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಆರ್‌ಟಿಐ ಅರ್ಜಿ ಹಾಕಿದಳು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವ ಹಾಗಿಲ್ಲ. ಅವಳಿಗೆ ಅಷ್ಟೂ ಬೇಕಾಗಲಿಲ್ಲ: ಕಂಪನಿಗೆ ಕೊಟ್ಟ ಅನುಮತಿ ಪತ್ರದ ನಕಲು ಕೊಡಿ, ಅಷ್ಟೇ. 30 ದಿನದ ಗಡುವಿನೊಳಗೇ ಉತ್ತರ ಬಂತು. ಅದೇ ಫಾರಂ. ಅದೇ ಕಾಲಂಗಳು. ಕಂಪನಿಯ ಅರ್ಜಿಗೆ ಬಂದ ದಿನವೇ ಸಹಿಯಾಗಿತ್ತು. 'ಉದ್ದೇಶ' ಎದುರಿಗೆ 'ವಿದ್ಯಾರ್ಥಿಗಳ ಹಿತದೃಷ್ಟಿಯಿಂದ' ಅಂತ ಬರೆದಿತ್ತು. ಯಾವ ಕೋರ್ಸ್, ಎಷ್ಟು ಫೀಸು, ಸಾಲ ಮಾಡಿಸುತ್ತಾರಾ, ನಂಬರ್‌ಗಳನ್ನು ಏನು ಮಾಡುತ್ತಾರೆ, ಒಂದೂ ಕೇಳಿಲ್ಲ.

ಡಬ್ಬಿಯ ವಿಷಯದಲ್ಲಿ ಕಚೇರಿಯೇ ಸರಿ

ಇಲ್ಲಿ ನಾನು ಹುಡುಗರ ಪರ ನಿಲ್ಲಲಾರೆ. ಅವರ ಉದ್ದೇಶ ಒಳ್ಳೆಯದೇ. ವಾಚ್‌ಮನ್‌ಗೆ ಕ್ಯಾತ್ಸಂದ್ರದ ಹತ್ತಿರ ಹೈವೇಯಲ್ಲಿ ಪೆಟ್ಟಾಗಿ ಕಾಲಿನ ಆಪರೇಷನ್ ಆಗಿತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಆಪರೇಷನ್ ಅದರಲ್ಲೇ ಆಯಿತು. ಆದರೆ ಜೊತೆಗಿದ್ದವರ ಊಟ, ಆಟೋ ಖರ್ಚು, ಸಂಬಳವಿಲ್ಲದ ತಿಂಗಳುಗಳು ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಅವರು ಗುತ್ತಿಗೆ ನೌಕರ. ಹಾಗಾಗಿ ಹಣದ ಅಗತ್ಯ ನಿಜವಾಗಿಯೂ ಇತ್ತು.

ತೊಂದರೆ ಇದ್ದದ್ದು ಆ ಕ್ಯೂಆರ್ ಕೋಡ್‌ನಲ್ಲಿ. ಅದು ಒಬ್ಬ ವಿದ್ಯಾರ್ಥಿಯ ಸ್ವಂತ ಖಾತೆಯದು. ಅದೇ ಖಾತೆಗೆ ಅವನ ಮನೆಯಿಂದ ದುಡ್ಡು ಬರುತ್ತಿತ್ತು, ಅದರಿಂದಲೇ ಅವನು ಬಿರಿಯಾನಿ ತರಿಸುತ್ತಿದ್ದ. ಯಾವುದು ದಾನದ್ದು, ಯಾವುದು ಅವನದು ಅಂತ ಬಿಡಿಸಲು ಸಮಿತಿಯ ಒಬ್ಬ ವಾಣಿಜ್ಯ ವಿಭಾಗದ ಮೇಡಂ ಒಂದಿಡೀ ಮಧ್ಯಾಹ್ನ ಸ್ಟೇಟ್‌ಮೆಂಟ್ ಹಿಡಿದು ಕೂರಬೇಕಾಯಿತು. ಒಂದು ರೂಪಾಯಿಯೂ ಆಚೀಚೆ ಆಗಿರಲಿಲ್ಲ. ಆದರೆ ಆಗಿಲ್ಲ ಅಂತ ತೋರಿಸುವ ದಾರಿ ಹುಡುಗನ ಹತ್ತಿರ ಇರಲಿಲ್ಲ. ನಾಳೆ ಯಾರಾದರೂ ಅನುಮಾನಪಟ್ಟಿದ್ದರೆ ಆ ಹುಡುಗನ ಗತಿ? ರಸೀದಿ ಪುಸ್ತಕ ಇಲ್ಲ. ಎಷ್ಟು ಬೇಕು, ಎಲ್ಲಿಯವರೆಗೆ ಎತ್ತುತ್ತೀವಿ, ಉಳಿದರೆ ಏನು ಮಾಡುತ್ತೀವಿ ಅಂತ ಎಲ್ಲೂ ಬರೆದಿಲ್ಲ. ವಾಚ್‌ಮನ್ ಮನೆಯವರನ್ನು ಕೇಳಿರಲಿಲ್ಲ. ಇದು ನನಗೆ ಎಲ್ಲಕ್ಕಿಂತ ಬೇಜಾರಾದ ವಿಷಯ. ಅವರ ಹೆಂಡತಿ ಸಮಿತಿಗೆ ಬಂದು "ಒಳ್ಳೇ ಮಕ್ಳು ಸಾರ್, ಆದ್ರೆ ಡಬ್ಬಿ ಇಡ್ತೀವಿ ಅಂತ ನಮಗೊಂದ್ ಮಾತು ಹೇಳ್ಬೇಕಿತ್ತು" ಅಂದರು. ತಮ್ಮ ಗಂಡನ ಹೆಸರು ಎಣ್ಣೆ ಕ್ಯಾನಿನ ಮೇಲೆ ಬರುವುದು ಅವರಿಗೆ ಇಷ್ಟವಿರಲಿಲ್ಲ.

ಹಣ ಕೇಳುವುದಕ್ಕೂ ಮಾತಾಡುವುದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಮಾತು ಇಷ್ಟವಿಲ್ಲದಿದ್ದರೆ ಎದ್ದು ಹೋಗಬಹುದು. ಸೀನಿಯರ್ ಡಬ್ಬಿ ಹಿಡಿದು ಎದುರಿಗೆ ನಿಂತರೆ ಮೊದಲ ವರ್ಷದ ಹುಡುಗ ಜೇಬಿಗೆ ಕೈ ಹಾಕಲೇಬೇಕು. ಹಾಗಾಗಿ ಹಣದ ವಿಷಯಕ್ಕೆ ಮುಂಚಿತ ಅನುಮತಿ ಬೇಕು ಅಂದರೆ ನನ್ನ ತಕರಾರಿಲ್ಲ. ಕಂಪನಿಯ ಕೆನೊಪಿಗೂ ಅದೇ ಕಣ್ಣಿನಿಂದ ನೋಡಬೇಕು ಅಷ್ಟೇ. ಅವರು ಕೇಳುತ್ತಿದ್ದದ್ದು ಫೋನ್ ನಂಬರ್ ಮಾತ್ರ, ದುಡ್ಡಲ್ಲವಲ್ಲ ಅಂತ ಸಮಿತಿಯಲ್ಲಿ ಒಬ್ಬರು ಅಂದರು. ಆಮೇಲಿನ ವಾರಗಳಲ್ಲಿ ಮನೆಗಳಿಗೆ ಬಂದ ಫೋನ್ ಕರೆಗಳ ವಿಷಯ ಹುಡುಗರು ಹೇಳಿದ ಮೇಲೆ ಅವರೇ ಸುಮ್ಮನಾದರು. ಕಂತಿನಲ್ಲಿ ಫೀಸು ಕಟ್ಟಬಹುದು ಅಂತ ಹೇಳಿ ಸಾಲದ ಫಾರಂಗೆ ಸಹಿ ಹಾಕಿಸುವ ಹಂತಕ್ಕೂ ಹೋಗಿತ್ತು.

ಮೈಕ್

ಇದರಲ್ಲಿ ಇಬ್ಬರದೂ ಅರ್ಧರ್ಧ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಕೊಡುವವರು ಜಿಲ್ಲಾಧಿಕಾರಿ, ಇಲ್ಲವೇ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಬಳಸುವಂತಿಲ್ಲ. ಶಾಲೆ ಕಾಲೇಜು ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅನ್ನುವುದು ಎಲ್ಲರಿಗೂ ಗೊತ್ತು. ಸರ್ಕಾರ ಅಧಿಸೂಚನೆ ಹೊರಡಿಸಿದರೆ ಮಾತ್ರ ಅದು ನಿಶ್ಶಬ್ದ ವಲಯ ಅಂತ 2017ರಲ್ಲಿ ತಿದ್ದುಪಡಿಯಾಗಿದ್ದು ಕಡಿಮೆ ಜನಕ್ಕೆ ಗೊತ್ತು. ವಲಯದ ಹಗಲಿನ ಮಿತಿ 50 ಡೆಸಿಬೆಲ್. ಇಬ್ಬರು ಎದುರುಬದುರು ನಿಂತು ಮಾತಾಡಿದರೇ 60ರ ಆಸುಪಾಸು ಆಗುತ್ತದೆ. ಇಂಥ ಸಂಖ್ಯೆ ಹಿಡಿದು ಹುಡುಗರನ್ನು ಹೆದರಿಸುವುದರಲ್ಲಿ ಅರ್ಥವಿಲ್ಲ. ಪಕ್ಕದ ಕ್ಲಾಸಿನಲ್ಲಿ ಪಾಠ ಕೇಳಿಸುತ್ತಾ ಇಲ್ಲವಾ ಅನ್ನುವುದೇ ಕ್ಯಾಂಪಸ್‌ಗೆ ಸಾಕಾದ ಅಳತೆ. ಲೈಬ್ರರಿ ಎದುರು ಸ್ಪೀಕರ್ ಇಟ್ಟದ್ದು ಹುಡುಗರ ತಪ್ಪು ಆಯ್ಕೆ. ಕೆನೊಪಿಯ ಹಾಡು ಮೂರು ಗಂಟೆ ಕೇಳಿಕೊಂಡು ಸುಮ್ಮನಿದ್ದದ್ದು ಕಚೇರಿಯದು.

ಮುಚ್ಚಳಿಕೆ

ಶನಿವಾರ ಬೆಳಗ್ಗೆ ಹುಡುಗಿಯ ಅಪ್ಪನಿಗೆ ಫೋನ್ ಹೋಯಿತು. ಕಡಲೆಕಾಯಿ ಬೆಳೆಯುವ ಮನುಷ್ಯ. ಮಗಳು ಏನೋ ದೊಡ್ಡದು ಮಾಡಿಕೊಂಡಿದ್ದಾಳೆ ಅಂತ ಹೆದರಿ ಸೋಮವಾರ ಮೊದಲ ಬಸ್ಸಿಗೇ ಬಂದರು. ಪ್ರಿನ್ಸಿಪಾಲರ ಕೋಣೆಯಲ್ಲಿ ಕೂರಲು ಹೇಳಿದರೂ ಕೂರಲಿಲ್ಲವಂತೆ. "ಸ್ವಾಮಿ, ನನ್ನ ಮಗಳು ಯಾರದಾದ್ರೂ ದುಡ್ಡು ತಿಂದಳಾ?" ಅಂತ ಕೇಳಿದರು. ಇಲ್ಲ ಅಂದರು. "ಮತ್ತೆ ನನ್ನನ್ನ ಯಾಕೆ ಕರೆಸಿದ್ರಿ?"

ಇದಕ್ಕೆ ಕೋಣೆಯಲ್ಲಿ ಉತ್ತರ ಇರಲಿಲ್ಲ ಅಂತ ಪ್ರಿನ್ಸಿಪಾಲರೇ ಸಮಿತಿಗೆ ಹೇಳಿದರು. ಅದು ಅವರ ದೊಡ್ಡತನ. ಇಪ್ಪತ್ಮೂರು ವರ್ಷದ, ಮತ ಹಾಕುವ, ಎಂ.ಎ. ಓದುವ ಹುಡುಗಿಯ ವಿಷಯಕ್ಕೆ ಅಪ್ಪನನ್ನು ಕರೆಸುವುದು ನಮ್ಮ ಕಾಲೇಜುಗಳಲ್ಲಿ ಕೈಗೆ ಮೊದಲು ಸಿಗುವ ಬೆತ್ತ. ಹುಡುಗಿಯಾದರೆ ಅದು ಇನ್ನೂ ಜೋರಾಗಿ ಬೀಳುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಓದು ಸಾಕು ಅನ್ನುವ ಮಾತು ಮನೆಯಲ್ಲಿ ಬರುತ್ತದಾ ಇಲ್ಲವಾ ಅಂತ ಕಚೇರಿ ಯೋಚಿಸುವುದಿಲ್ಲ.

ಮುಚ್ಚಳಿಕೆ ಟೈಪಾಗಿ ಸಿದ್ಧವಿತ್ತು. ಮೂರು ಸಾಲು. ಅನುಮತಿ ಇಲ್ಲದೆ ಹಣ ಸಂಗ್ರಹಿಸುವುದಿಲ್ಲ. ಅನುಮತಿ ಇಲ್ಲದೆ ಧ್ವನಿವರ್ಧಕ ಬಳಸುವುದಿಲ್ಲ. ಇನ್ನು ಮುಂದೆ ಆವರಣದಲ್ಲಿ ಯಾವುದೇ ಸಭೆಯಲ್ಲಿ ಭಾಗವಹಿಸುವುದಿಲ್ಲ. ಹುಡುಗಿ ಮೊದಲ ಎರಡನ್ನು ಓದಿ, ಮೂರನೆಯದರ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದಳು. ಗೆರೆಯ ಪಕ್ಕ ಚಿಕ್ಕ ಸಹಿ, ಕೆಳಗೆ ಪೂರ್ತಿ ಸಹಿ. ತಿದ್ದಿದ ಜಾಗದಲ್ಲೆಲ್ಲ ಸಹಿ ಹಾಕಬೇಕು ಅಂತ ಬ್ಯಾಂಕ್ ಫಾರಂ ತುಂಬಿ ಗೊತ್ತಿತ್ತಂತೆ. ಕಾನೂನು ಓದದ ಹುಡುಗಿ ಆ ಹಾಳೆಯ ಮೇಲೆ ಎಳೆದ ಗೆರೆಗಿಂತ ಸ್ಪಷ್ಟವಾಗಿ ಸಮಿತಿಯ ವರದಿಯಲ್ಲಿ ನಾವೂ ಬರೆದಿಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮದಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು. ದೂರು ಬಂದು 15 ಕೆಲಸದ ದಿನದೊಳಗೆ ವರದಿ ಕೊಡುವುದು ಒಳ್ಳೆಯದು ಅನ್ನುತ್ತದೆ ಆ ನಿಯಮ, ಮೇಲ್ಮನವಿಗೆ ಒಂಬುಡ್ಸ್‌ಪರ್ಸನ್ ಇರುತ್ತಾರೆ. ಅವಳು ಅಲ್ಲಿಗೂ ಬರೆದಳು. ಪ್ರಿನ್ಸಿಪಾಲರು ಅದು ಮುಗಿಯುವವರೆಗೆ ಕಾಯದೆ, ನಿಯಮವನ್ನೇ ಹೊಸದಾಗಿ ಬರೆಯಲು ನಮ್ಮ ಸಮಿತಿ ಮಾಡಿದರು.

ಕರಡು

ಮೊದಲು ಆ ಹಳೇ ಫಾರಂ ಅನ್ನು ವ್ಯಾಪಾರಕ್ಕೆ ಮಾತ್ರ ಉಳಿಸಿಕೊಂಡೆವು. ಕಂಪನಿಗಳು ತಿಂಗಳಿಗೊಂದು ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ ನಿಲ್ಲಬಹುದು. ಫೋನ್ ನಂಬರ್ ಬರೆಸಿಕೊಳ್ಳುವಂತಿಲ್ಲ, ಬೇಕಾದವರು ಅವರ ಕರಪತ್ರ ನೋಡಿ ತಾವೇ ಫೋನ್ ಮಾಡಲಿ. ಸಾಲದ ಕಾಗದಕ್ಕೆ ಆವರಣದೊಳಗೆ ಸಹಿ ಹಾಕಿಸುವಂತಿಲ್ಲ.

ದಾನಕ್ಕೆ ಬೇರೆ ಹಾಳೆ. ಯಾರಿಗೋಸ್ಕರ ಎತ್ತುತ್ತೀರೋ ಅವರ ಒಪ್ಪಿಗೆ ಸಹಿ ಮೊದಲು. ಇಬ್ಬರು ಅಧ್ಯಾಪಕರು, ಒಬ್ಬ ವಿದ್ಯಾರ್ಥಿ ಸೇರಿ ಜಂಟಿ ಖಾತೆ, ಅದರದೇ ಕ್ಯೂಆರ್. ಶುರುವಿನ ದಿನ, ಮುಗಿಯುವ ದಿನ. ಕ್ಲಾಸ್ ರೂಮಿಗೂ ಹಾಸ್ಟೆಲ್ ಕೋಣೆಗೂ ಡಬ್ಬಿ ಹೋಗುವಂತಿಲ್ಲ. ಲೆಕ್ಕ ನೋಟಿಸ್ ಬೋರ್ಡಿಗೆ. ವಾಚ್‌ಮನ್‌ಗೆ ಹಣ ಕೊನೆಗೂ ಹೀಗೇ ಎತ್ತಿದ್ದು. ಎಣ್ಣೆ ಕ್ಯಾನಿನಲ್ಲಿ ಬಿದ್ದದ್ದಕ್ಕಿಂತ ಜಾಸ್ತಿಯೇ ಬಂತು, ಅಧ್ಯಾಪಕರೂ ಹಾಕಿದರು.

ಸಭೆಗೆ ಅನುಮತಿಯೇ ಬೇಡ ಅಂತಾಯಿತು. ಮೈಕ್ ಇಲ್ಲದೆ, ತಮ್ಮದೇ ವಿದ್ಯಾರ್ಥಿಗಳು, ಹೊಂಗೆ ಮರದ ಕೆಳಗೆ ಅಥವಾ ಬಯಲು ರಂಗಮಂದಿರದಲ್ಲಿ ಸೇರುವುದಾದರೆ ಹಿಂದಿನ ದಿನ ಒಂದು ಚೀಟಿ ಕೊಟ್ಟರೆ ಸಾಕು. ಬೇರೆಯವರು ಅದೇ ಹೊತ್ತಿಗೆ ಜಾಗ ಕೇಳಿದ್ದರೆ ಗೊತ್ತಾಗಲಿ ಅಂತ ಅಷ್ಟೇ. ಇದಕ್ಕೆ ಅಧೀಕ್ಷಕರು ತುಂಬ ಹೊತ್ತು ಒಪ್ಪಲಿಲ್ಲ. "ನಾಳೆ ಗಲಾಟೆ ಆದ್ರೆ ಯಾರ್ ಸಾರ್ ಜವಾಬ್ದಾರಿ? ನನ್ನನ್ನ ತಾನೇ ಕೇಳೋದು?" ಅಂದರು. ನ್ಯಾಯವಾದ ಭಯವೇ. ಗಲಾಟೆ ಮಾಡಿದವರ ಮೇಲೆ ಶಿಸ್ತು ಕ್ರಮಕ್ಕೆ ನಿಯಮ ಹೇಗೂ ಇದೆ, ಗಲಾಟೆ ಆಗಬಹುದು ಅಂತ ಮೊದಲೇ ಎಲ್ಲರ ಬಾಯಿ ಮುಚ್ಚಿಸುವುದು ಬೇಡ ಅಂತ ಕರಡಿನಲ್ಲೇ ಬರೆದು, ಚೀಟಿ ಪಡೆದ ಸಿಬ್ಬಂದಿ ಹೊಣೆಗಾರರಲ್ಲ ಅಂತ ಒಂದು ಸಾಲು ಸೇರಿಸಿದ ಮೇಲೆ ಸಹಿ ಹಾಕಿದರು. ಗುಮಾಸ್ತರ ಭಯಕ್ಕೆ ಒಂದು ಸಾಲು ಬರೆಯದೆ ವಿದ್ಯಾರ್ಥಿಗಳ ಹಕ್ಕಿಗೆ ಪುಟಗಟ್ಟಲೆ ಬರೆದರೆ ಫೈಲ್ ಮತ್ತೆ ಟೇಬಲ್ ಮೇಲೇ ಕೂರುತ್ತದೆ.

ಮೈಕ್‌ಗೆ ಊಟದ ಬಿಡುವು, ಇಲ್ಲವೇ ಕ್ಲಾಸ್ ಬಿಟ್ಟ ಮೇಲೆ. ಲೈಬ್ರರಿ ಎದುರು ಬೇಡ, ಮೈದಾನದ ಕಡೆ ಮುಖ ಮಾಡಿ. ಪೊಲೀಸ್ ಅನುಮತಿ ಬೇಕಾದರೆ ಪತ್ರವನ್ನು ಕಾಲೇಜೇ ಬರೆದುಕೊಡಬೇಕು, ಹುಡುಗರನ್ನು ಠಾಣೆಗೆ ಅಲೆಸುವಂತಿಲ್ಲ.

ಅನುಮತಿ ಬೇಕಾದ ಯಾವ ಅರ್ಜಿಗಾದರೂ ಮೂರು ಕೆಲಸದ ದಿನದೊಳಗೆ ಉತ್ತರ. ಇಲ್ಲ ಅನ್ನುವುದಾದರೆ ಕಾರಣ ಬರೆದು, ಸಹಿ ಮಾಡಿ ಹಿಂಬರಹ ಕೊಡಬೇಕು. ಉತ್ತರ ಬರದಿದ್ದರೆ ಅನುಮತಿ ಸಿಕ್ಕಿತು ಅಂತಲೇ ಲೆಕ್ಕ. ದಾನಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ, ಅಲ್ಲಿ ಸಹಿ ಬೇಕೇ ಬೇಕು.

ಹೊರಗಿನ ಅತಿಥಿಗಳ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಹೆಸರು, ವಿಷಯ ಮೊದಲೇ ತಿಳಿಸಬೇಕು ಅನ್ನುವವರೆಗೆ ಎಲ್ಲರೂ ಒಪ್ಪಿದ್ದೇವೆ. 'ಅತಿಥಿಗಳ ಪೂರ್ವಾಪರ ಪರಿಶೀಲಿಸಿ' ಅನ್ನುವ ಮಾತೂ ಇರಲಿ ಅಂತ ಮೂವರು ಸದಸ್ಯರು ಪಟ್ಟು ಹಿಡಿದಿದ್ದಾರೆ. ಪೂರ್ವಾಪರ ಅಂದರೆ ಏನು, ಯಾರು ನೋಡುತ್ತಾರೆ, ಯೂನಿಯನ್‌ನಲ್ಲಿ ಇದ್ದದ್ದೂ ಪೂರ್ವಾಪರವಾ ಅಂತ ನಾನು ಕೇಳಿದೆ. ಹಾಗೇನಿಲ್ಲ ಅಂದರು, ಆದರೆ ಸಾಲು ತೆಗೆಯಲಿಲ್ಲ. ನನ್ನ ಭಿನ್ನಾಭಿಪ್ರಾಯ ನಡಾವಳಿಯಲ್ಲಿ ದಾಖಲಾಗಿದೆ. ಕರಡು ಈಗ ಆಡಳಿತ ಮಂಡಳಿಯ ಮುಂದಿದೆ, ಆ ನಿವೃತ್ತ ಬ್ಯಾಂಕ್ ಅಧಿಕಾರಿಯನ್ನು ಕರೆಸಲು ಅರ್ಥಶಾಸ್ತ್ರ ವಿಭಾಗವೇ ಹೊಸ ಅರ್ಜಿ ಹಾಕಿದೆ.